ನಾಲ್ಕನೇ ಚೌಕ ಬರೆದ ಅರ್ವೆಲ್ಲಾ

ಬೆಳಗಿನ ಐದು ಗಂಟೆ. ಕ್ರೋ ಹಾಲೋ ಶಾಲೆಯ ನೆಲಮಾಳಿಗೆಯಲ್ಲಿ, ಬಾಯ್ಲರು ನೋಡಿಕೊಳ್ಳುವ ಕೆಲಸದಾಕೆ ಅರ್ವೆಲ್ಲಾ ಕೀನ್ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ, ಒದೆಯುವ ಹಸುವಿನ ಪಕ್ಕೆ ಸವರುವವರ ಹಾಗೆ. ಹೊರಗೆ ಬೆಟ್ಟದ ಮೇಲೆ ಜನವರಿಯ ಹಿಮ ಕಲ್ಲಾಗಿದೆ. ಗಾಜಿನ ನಳಿಗೆಯಲ್ಲಿ ನೀರೆಷ್ಟಿದೆ ನೋಡುತ್ತಾರೆ, ಕೆಳಗಿನ ನಲ್ಲಿ ತಿರುಗಿಸಿ ತುಕ್ಕುನೀರು ಬಿಡುತ್ತಾರೆ, ಬಿಕ್ಕಳಿಸುವ ಪಂಪಿನ ಬೆನ್ನಿಗೆ ಸ್ಪ್ಯಾನರಿನಿಂದ ಎರಡೇಟು ಹಾಕುತ್ತಾರೆ.

"ಏಳೋ ಮುದಿಯಾ. ನಂಗೂ ಮಂಡಿ ನೋಯ್ತದೆ, ನಾನು ಎದ್ದಿಲ್ವಾ?"

ಪಂಪು ಏಳುತ್ತದೆ. ಗಂಟೆಯೊಳಗೆ ಮೇಲಿನ ಕೋಣೆಗಳನ್ನು ಬೆಚ್ಚಗಿಡುವ ಉಗಿ ಕೊಳವೆಗಳು ಟಣ್ ಟಣ್ ಎನ್ನತೊಡಗುತ್ತವೆ. ಏಳೂಕಾಲಿಗೆ ಮೊದಲ ಬಸ್ಸು. ನೂರಾ ನಲವತ್ತಮೂರು ಮಕ್ಕಳು ಒದ್ದೆ ಕೈಗವಸುಗಳನ್ನು ಆ ಕೊಳವೆಗಳ ಮೇಲೆ ಹರವುತ್ತಾರೆ. ಕೆಳಗೆ ಯಾರಿದ್ದಾರೆಂದು ಒಬ್ಬರೂ ಕೇಳುವುದಿಲ್ಲ. ಬೆಚ್ಚಗಿರುವವರಿಗೆ ಬೆಂಕಿಯ ಚಿಂತೆ ಯಾಕೆ?

ಅರ್ವೆಲ್ಲಾಗೆ ಈಗ ಅರವತ್ತಮೂರು. ಓದಿದ್ದು ಒಂಬತ್ತನೇ ಕ್ಲಾಸು. ಇದೇ ಬಾಯ್ಲರು ಕಲ್ಲಿದ್ದಲು ತಿನ್ನುತ್ತಿದ್ದ ಕಾಲದಲ್ಲಿ ಅವರಪ್ಪ ಅದಕ್ಕೆ ಸಲಿಕೆಯಲ್ಲಿ ತುತ್ತು ಹಾಕುತ್ತಿದ್ದರು. ಈಗ ಅದು ಎಣ್ಣೆ ಕುಡಿಯುತ್ತದೆ. ಇದರ ಬಿಡಿಭಾಗಗಳನ್ನು ಮಾಡುವ ಕಂಪನಿಯೇ ಭೂಮಿಯ ಮೇಲಿಲ್ಲ. ಬೆಟ್ಟದಾಚೆಯ ಶಾಲೆ ಮುಚ್ಚಿದ ದಿನ ಊರವರೆಲ್ಲ ಅಂಗಳದಲ್ಲಿ ಅಳುತ್ತ ನಿಂತಿದ್ದಾಗ ಅರ್ವೆಲ್ಲಾ ಪಿಕಪ್ ಗಾಡಿ ತಂದು ಅಲ್ಲಿನ ಪಂಪು ಕಿತ್ತುಕೊಂಡು ಬಂದರು. "ನಾನೂ ಅತ್ತೆ ಕಣಪ್ಪಾ. ಬೋಲ್ಟು ಬಿಚ್ತಾ ಅತ್ತೆ."

ಜೂನ್‌ನಲ್ಲಿ ಅವರಿಗೆ ನಿವೃತ್ತಿ. ಆಮೇಲೆ ಈ ಬಾಯ್ಲರನ್ನು ಎಬ್ಬಿಸುವವರು ಕೌಂಟಿಯಲ್ಲಿ, ಅಂದರೆ ಇಡೀ ಜಿಲ್ಲೆಯಲ್ಲಿ, ಯಾರೂ ಇಲ್ಲ. ಹೊಸದು ಬರದಿದ್ದರೆ ಈ ಶಾಲೆಗೂ ಬೀಗ. ಆರು ವರ್ಷದ ಮಕ್ಕಳು ಬೆಟ್ಟ ಸುತ್ತಿ ಪೇಟೆಯ ಶಾಲೆಗೆ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ.

ಇಂಥ ದೊಡ್ಡ ಕೆಲಸಕ್ಕೆ ಹಣ ಬಿಡಬೇಕಾದವರು ರಾಜಧಾನಿಯ ಶಾಸಕರು. ಕೌಂಟಿ ಮಂಡಳಿ ಅವರಿಗೆ ವರ್ಷಕ್ಕೊಂದು ಹಾಳೆ ಕಳಿಸುತ್ತದೆ, ಅದರಲ್ಲಿ ಐದೇ ಬೇಡಿಕೆ. ಕ್ರೋ ಹಾಲೋದ ಹೆಸರು ಆ ಹಾಳೆಗೆ ಒಮ್ಮೆಯೂ ಹತ್ತಿರಲಿಲ್ಲ. ಯಾಕೆ ಅಂತ ಅರ್ವೆಲ್ಲಾಗೆ ಗೊತ್ತಾದದ್ದು ಹಿಂದಿನ ಚಳಿಗಾಲದ ಮಂಡಳಿ ಸಭೆಯಲ್ಲಿ. ಮುಖ್ಯೋಪಾಧ್ಯಾಯಿನಿ ಹೊಸ ಬಾಯ್ಲರು ಕೇಳಿದಾಗ ಮಂಡಳಿಯ ಅಧ್ಯಕ್ಷ ಗಾರ್ಲಂಡ್ ಬೊಸ್ಟಿಕ್ ಒಂದು ಫಾರ್ಮು ಎತ್ತಿ ತೋರಿಸಿದರು. ಪ್ರತಿ ಅಕ್ಟೋಬರಿನಲ್ಲಿ ಶಾಲೆಗಳಿಂದ ತುಂಬಿಸಿಕೊಳ್ಳುವ ಫಾರ್ಮು: ಚೆನ್ನಾಗಿದೆ, ನಡೆಯುತ್ತದೆ, ಕೆಟ್ಟಿದೆ ಅಂತ ಮೂರು ಚೌಕ. "ನಡೆಯುತ್ತದೆ ಅಂತ ನಿಮ್ಮವರೇ ಗುರುತು ಹಾಕಿದ್ದಾರಲ್ಲಮ್ಮಾ."

ಇಪ್ಪತ್ತೊಂದು ವರ್ಷ ಆ ಗುರುತು ಹಾಕಿದ ಕೈ ಹಿಂದಿನ ಸಾಲಿನಲ್ಲಿ ಮಡಿಲ ಮೇಲಿತ್ತು. "ಕೆಟ್ಟಿದೆ ಅಂತ ಬರೆದ್ರೆ ನನ್ನ ಕೆಲಸವೇ ಕೆಟ್ಟದ್ದು ಅಂದಂಗೆ ಅನ್ಕೊಂಡಿದ್ದೆ. ನನ್ನ ಜಂಬ ಹೋಗಿ ಮಕ್ಕಳ ಕುತ್ತಿಗೆಗೆ ಕೂತಿತ್ತು."

ಮೊನ್ನೆ ಅಕ್ಟೋಬರಿನಲ್ಲಿ ಅವರು ಮೂರೂ ಚೌಕಗಳನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸ್ಕೇಲಿಟ್ಟು ನಾಲ್ಕನೆಯದೊಂದು ಬರೆದರು: 'ಅರ್ವೆಲ್ಲಾ ಇದ್ದರೆ ನಡೆಯುತ್ತದೆ.' ಕಚೇರಿಯಿಂದ ಫೋನು ಬಂತು. ಮೂರರಲ್ಲಿ ಒಂದನ್ನು ಆರಿಸಿ, ಕಂಪ್ಯೂಟರು ಒಪ್ಪುತ್ತಿಲ್ಲ.

"ಹಂಗಾದ್ರೆ ಕಂಪ್ಯೂಟರನ್ನೇ ಬೆಳಿಗ್ಗೆ ಐದಕ್ಕೆ ಕಳಿಸಿ, ಹಚ್ಚಲಿ."

ನವೆಂಬರಿನ ಒಂದು ಶನಿವಾರ, ಬೇಡಿಕೆ ಪಟ್ಟಿ ಅಖೈರು ಮಾಡುವ ಸಭೆ ಈ ಶಾಲೆಯ ಒಳಾಂಗಣ ಆಟದ ಕೋಣೆಯಲ್ಲೇ ಬಿತ್ತು. ಕೋಣೆ ಹಿಮದ ಗುಹೆ. ಗಾರ್ಲಂಡ್ ಕೈ ಉಜ್ಜುತ್ತ ಬಂದರು. "ಮಿಸ್ ಅರ್ವೆಲ್ಲಾ, ಸ್ವಲ್ಪ ಬೆಚ್ಚಗೆ ಮಾಡಬಾರದಾ?"

"ಶನಿವಾರ ನಂಗೆ ರಜೆ, ಮಗಾ." ನೆಲಮಾಳಿಗೆಯ ಕೀಲಿ ಮೇಜಿನ ಮೇಲೆ ಬಿತ್ತು. "ನಡೆಯುತ್ತದೆ ಅಂತ ಇಪ್ಪತ್ತೊಂದು ಫಾರ್ಮು ಇದಾವಲ್ಲ ನಿನ್ನ ಹತ್ರ. ಹೋಗು, ನಡೆಸು."

ಗಾರ್ಲಂಡ್ ಹೋದರು, ಕಟ್ಟಡ ವಿಭಾಗದ ಎಂಜಿನಿಯರನ್ನೂ ಕರೆದುಕೊಂಡು. ಕಾಲು ಗಂಟೆಯ ಮೇಲೆ ಇಬ್ಬರೂ ತೋಳಿಗೆ ಮಸಿ ಬಳಿದುಕೊಂಡು ವಾಪಸು ಬಂದರು. ಸಭೆ ಕೋಟು ಟೋಪಿಯಲ್ಲೇ ಕೂತಿತು. ಐದನೇ ಬೇಡಿಕೆಯ ಜಾಗದಲ್ಲಿ ಹೆದ್ದಾರಿ ಪಕ್ಕದ ಪ್ರವಾಸಿ ಸ್ವಾಗತ ಕೇಂದ್ರವಿತ್ತು. ಬರದ ಪ್ರವಾಸಿಗೆ ಸ್ವಾಗತ, ಇರುವ ಮಕ್ಕಳಿಗೆ ಚಳಿ!

ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡುವ ಹಕ್ಕು. ಅರ್ವೆಲ್ಲಾ ಮೈಕಿನ ಮುಂದೆ ನಿಂತರು. "ಜೂನ್ ಆದ್ಮೇಲೆ ಈ ಶಾಲೆ ಹಿಂಗಿರ್ತದೆ. ಉಳಿದ ಟೈಮು ಸುಮ್ನೆ ಕೂತು ಕೇಳಿ." ಅಷ್ಟೇ. ಟಣ್ ಅನ್ನಬೇಕಾದ ಕೊಳವೆಗಳು ಉಸಿರೆತ್ತಲಿಲ್ಲ. ಗಡಿಯಾರ ಮೂರು ನಿಮಿಷ ಮುಗಿಸುವ ತನಕ ಅವರು ಮೈಕು ಬಿಡಲಿಲ್ಲ, ಮಂಡಳಿಯವರ ಬಾಯಿಂದ ಬಿಳಿ ಹಬೆ ಬರುವುದು ನಿಲ್ಲಲಿಲ್ಲ. ಗಾರ್ಲಂಡ್ ತಲೆ ತಗ್ಗಿಸಿ ತಮ್ಮ ಕೈಗವಸುಗಳನ್ನೇ ನೋಡುತ್ತಿದ್ದರು. ಅವರು ಒಂದನೇ ಕ್ಲಾಸು ಓದಿದ್ದು ಇಲ್ಲೇ.

ಐವರಲ್ಲಿ ಮೂವರು ಕೈ ಎತ್ತಿದರು. ಮೂರನೇ ಕೈ ಗಾರ್ಲಂಡ್ ಅವರದು. ಸ್ವಾಗತ ಕೇಂದ್ರ ಹೊರಗೆ, ಬಾಯ್ಲರು ಒಳಗೆ. ಮರುವಾರ ಅರ್ವೆಲ್ಲಾಗೆ ಅವಿಧೇಯತೆಯ ಎಚ್ಚರಿಕೆ ಪತ್ರವೂ ಬಂತು. ಅದೀಗ ನೆಲಮಾಳಿಗೆಯ ಮೊಳೆಯಲ್ಲಿ ತೂಗುತ್ತಿದೆ. "ಶಾಲೆ ನಂಗೆ ಕೊಟ್ಟ ಮೊದಲ ಸರ್ಟಿಫಿಕೇಟು," ಎಂದು ನಗುತ್ತಾರೆ.

ಹಾಳೆ ಈಗ ರಾಜಧಾನಿಯಲ್ಲಿದೆ. ಹಣ ಬರುತ್ತದೋ ಇಲ್ಲವೋ ಮಾರ್ಚಿನಲ್ಲಿ ಗೊತ್ತಾಗುತ್ತದೆ. ಇಲ್ಲ ಅಂದರೆ?

"ಬಸ್ಸು ಹತ್ತಿ ಅಲ್ಲಿಗೇ ಹೋಗ್ತೀನಿ. ಅಲ್ಲೂ ಮೂರು ನಿಮಿಷ ಕೊಡ್ತಾರಂತೆ."

ಮೇಲೆ ಬಸ್ಸಿನ ಸದ್ದು, ಮೆಟ್ಟಿಲ ಮೇಲೆ ಬೂಟುಗಳ ಗದ್ದಲ. ಅರ್ವೆಲ್ಲಾ ಕಿವಿಗೊಟ್ಟು ಕೇಳಿ, ಸ್ಪ್ಯಾನರು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. "ನಡೆಯುತ್ತದೆ ಅಂತ ಇನ್ನು ನನ್ನ ಕೈಯಲ್ಲಿ ಯಾರೂ ಬರೆಸೋಕಾಗಲ್ಲ. ಇವತ್ತು ಮಕ್ಕಳು ಬೆಚ್ಚಗಿದ್ದಾರೆ. ಬೇಕಾದ್ರೆ ಅದನ್ನ ಬರೀತೀನಿ."