ತಟ್ಟೆಯ ಫೋಟೋ

ಗಲ್ಫಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ, ಅಲ್ಲಿನ ಮದೀನತ್ ಖಲೀಫಾ ಬಡಾವಣೆಯ ವಿಲ್ಲಾವೊಂದರಲ್ಲಿ ನನ್ನೊಂದಿಗೆ ರೂಮು ಹಂಚಿಕೊಂಡಿದ್ದವಳು ಉಡುಪಿ ಕಡೆಯ ಹುಡುಗಿ, ಆಫೀಸೊಂದರಲ್ಲಿ ರಿಸೆಪ್ಷನಿಸ್ಟ್. ಶುಕ್ರವಾರ ಅಡುಗೆ ಅವಳದೇ. ಬಡಿಸಿದ ಕೂಡಲೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಒಯ್ದು, ಅಂಚಿಗೆ ಹತ್ತಿದ ಸಾರನ್ನು ಬೆರಳಿನಿಂದ ಒರೆಸಿ, ಫೋಟೋ ತೆಗೆದು ಸ್ಟೋರಿಗೂ ಸ್ಟೇಟಸ್ಸಿಗೂ ಹಾಕುತ್ತಿದ್ದಳು. ಆ ಬೆರಳನ್ನು ನೆಕ್ಕುತ್ತಿರಲಿಲ್ಲ, ಟಿಶ್ಯೂಗೆ ಉಜ್ಜುತ್ತಿದ್ದಳು.

"ಫೋಟೋ ಆಯ್ತು ಅಕ್ಕ, ಖಲಾಸ್. ನೀವು ತಿನ್ನಿ" ಎಂದು ತಟ್ಟೆಯನ್ನು ನನ್ನತ್ತ ತಳ್ಳಿ, ತಾನು ಸೌತೆಕಾಯಿ ಹೋಳು ಕಚ್ಚುತ್ತ ಫೋನಿನಲ್ಲಿ ತೆಳ್ಳಗಿನ ಹುಡುಗಿಯರನ್ನು ನೋಡುತ್ತ ಕೂರುತ್ತಿದ್ದಳು.

ಅಲ್ ಥುಮಾಮಾ ಸ್ಟೇಡಿಯಮ್ಮಿನಲ್ಲಿ ಪಂದ್ಯ ನೋಡಿ ಬಂದ ದಿನ ಅವಳ ಫೋನ್ ಸತ್ತುಹೋಗಿತ್ತು. ಅದನ್ನು ಚಾರ್ಜಿಗೆ ಹಾಕಿ, ಕಾಯಲಾರದೆ, ಊರಿನಿಂದ ಬಂದಿದ್ದ ಗರಿಗರಿ ರೊಟ್ಟಿಯನ್ನು ಮುರಿದು ಕೋಳಿ ಸಾರಿನಲ್ಲಿ ನೆನೆಸಿ, ಕೆನ್ನೆ ಉಬ್ಬಿಸಿಕೊಂಡು ತಿಂದಳು. ಇನ್ನೊಂದು ಸೌಟು ಸಾರು ಕೇಳಿದಳು. ನಾನು ಒಂದು ಫೋಟೋ ತೆಗೆದೆ.

ಬೆಳಿಗ್ಗೆ ಅದನ್ನು ತೋರಿಸಿದಾಗ ಅವಳ ಮುಖ ಸಣ್ಣದಾಯಿತು. "ಕೆನ್ನೆ ನೋಡಿ ಅಕ್ಕ, ಹಂಡೆ ಹಾಗೆ ಉಂಟು. ಡಿಲೀಟ್ ಮಾಡಿ." ಎದುರಿಗೇ ನಿಂತು ಮಾಡಿಸಿದಳು.

ಮರುವಾರ ಅವಳ ತಾಯಿ ಊರಿನಿಂದ ನನಗೆ ಫೋನ್ ಮಾಡಿದರು. "ಸ್ಟೇಟಸ್ಸಲ್ಲಿ ವಾರವಾರ ತಟ್ಟೆ ಕಾಣ್ತದೆ, ತಿನ್ನುವವಳು ಕಾಣುದಿಲ್ಲ. ಅವಳು ಊಟ ಮಾಡುವಾಗ ಒಂದು ಫೋಟೋ ತೆಗೆದು ಕಳಿಸ್ತೀರಾ? ಅವಳಿಗೆ ಹೇಳ್ಬೇಡಿ."

ಆಗಲಿ ಎಂದೆ. ಅವಳು ರೂಮು ಬಿಡುವವರೆಗೂ ಅಂಥ ಇನ್ನೊಂದು ಫೋಟೋ ನನಗೆ ಸಿಗಲಿಲ್ಲ.