ಕೌದಿ ಹೊದ್ದ ವಿಮಾನ

ನಾನು ವಿಮಾನ ಹಾರಿಸುತ್ತೇನೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ನನ್ನ ಹೆಂಡತಿ ಶಾಂತಾ ದಿನಾ ನಗುತ್ತಾಳೆ. ಗೋಕಾಕದ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಕೆಮ್ಮು ನೆಗಡಿಗೆ ಗುಳಿಗೆ ಕೊಡುವ, ಐವತ್ತು ದಾಟಿದ ಮನುಷ್ಯ ನಾನು. ಮಧ್ಯಾಹ್ನ ಊಟಕ್ಕೆಂದು ಅಂಗಡಿ ಮುಚ್ಚಿ ಮನೆಗೆ ಬಂದವನೇ ಲುಂಗಿ ಸುತ್ತಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಆಕಾಶಕ್ಕೆ ಏರುತ್ತೇನೆ. ನಿಜವಾದ ವಿಮಾನವನ್ನೂ ಒಮ್ಮೆ ಹತ್ತಿದ್ದುಂಟು. ಆದರೆ ಅಂದು ಏರುವಾಗಿನಿಂದ ಇಳಿಯುವತನಕ ಕಣ್ಣು ಮುಚ್ಚಿಕೊಂಡು ಮನೆದೇವರ ಹೆಸರು ಹೇಳುತ್ತಿದ್ದೆನಾದ್ದರಿಂದ ಅದನ್ನು ಅನುಭವವೆಂದು ಹೇಳಿಕೊಳ್ಳುವಂತಿಲ್ಲ.

ಇದೊಂದು ಆಟವೆಂದರೆ ಆಟ, ವಿದ್ಯೆಯೆಂದರೆ ವಿದ್ಯೆ. ಇಡೀ ಭೂಮಿಯನ್ನು ಮೇಲಿನಿಂದ ತೆಗೆದ ಚಿತ್ರಗಳನ್ನು ಹಾಸಿ, ಅದರ ಮೇಲೆ ನಾವು ವಿಮಾನ ಹಾರಿಸುವಂತೆ ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದಾರೆ. ಘಟಪ್ರಭೆಯ ತಿರುವುಗಳು, ಕೊಣ್ಣೂರಿನ ಕಬ್ಬಿನ ಹಸಿರು, ಜಲಪಾತದ ಬಳಿಯ ಬಂಡೆಗಲ್ಲು, ಎಲ್ಲ ಇದ್ದ ಹಾಗೆಯೇ ಕಾಣುತ್ತವೆ. ಮನೆಗಳನ್ನು ಮಾತ್ರ ಯಂತ್ರ ತನ್ನ ಮನಸ್ಸಿಗೆ ಬಂದಂತೆ ಕಟ್ಟುತ್ತದೆ. ಮೇಲವಂಕಿಯ ನಡುವೆ ಒಂದು ಬಹುಮಹಡಿ ಕಟ್ಟಡ ಎದ್ದಿದೆ. ಅಂಕಲಗಿಯ ಮನೆಗಳಿಗೆಲ್ಲ ಹಿಮ ಬೀಳುವ ದೇಶದ ಕೆಂಪು ಇಳಿಜಾರು ಮಾಡು. ಅಂಕಲಗಿಯವರಿಗೆ ನಾನಿದನ್ನು ಇನ್ನೂ ಹೇಳಿಲ್ಲ.

ಈ ಹುಚ್ಚು ಹಿಡಿಸಿದವನು ಹುಕ್ಕೇರಿಯ ಗೆಳೆಯ ಬಸಣ್ಣ. ಅವನದೂ ಔಷಧಿ ಅಂಗಡಿ, ಅವನಿಗೂ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ನನ್ನ ಹಳೆಯ ಕಂಪ್ಯೂಟರಿನಲ್ಲಿ ವಿಮಾನ ಎತ್ತಿನ ಗಾಡಿಯ ಹಾಗೆ ಹೋಗುತ್ತಿದ್ದುದರಿಂದ, ಅವನ ಮಾತು ಕೇಳಿ ದೊಡ್ಡ ಶಕ್ತಿಯ ಹೊಸದೊಂದನ್ನು ತಂದೆ. ಆದರೆ ಅದನ್ನು ತಂದದ್ದು ನನ್ನ ಹುಚ್ಚಿಗಾಗಿ ಅಷ್ಟೇ ಅಲ್ಲ. ಅಕ್ಕನಿಗಾಗಿ.

ನನ್ನ ಅಕ್ಕ ಗಂಗವ್ವ ಇರುವುದು ಮೂಡಲಗಿಯಲ್ಲಿ. ನನಗಿಂತ ಬಹಳ ದೊಡ್ಡವಳು. ನಾವು ಹುಟ್ಟಿದ್ದು ಹುಕ್ಕೇರಿ ಸೀಮೆಯ ಒಂದು ಸಣ್ಣ ಊರಿನಲ್ಲಿ. ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ಊರು ಬಿಟ್ಟ ದಿನ ನಾನು ಅಕ್ಕನ ಸೊಂಟದ ಮೇಲಿದ್ದೆನಂತೆ. ನನಗೆ ಆ ಊರಿನ ಒಂದು ಕಲ್ಲೂ ನೆನಪಿಲ್ಲ. ಅಕ್ಕನಿಗೆ ಎಲ್ಲ ಕಲ್ಲುಗಳೂ ನೆನಪಿವೆ. ಈಗ ಅವಳಿಗೆ ಮೊಣಕಾಲು ನೋವು. ನಾನೊಮ್ಮೆ ಆಟದ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು:

"ಮ್ಯಾಲಿಂದ ನಮ್ಮೂರ ಕಾಣತೈತೇನೋ ತಮ್ಮಾ?"

"ನೀರ ಕಾಣತೈತಿ, ಅಕ್ಕಾ."

"ನೀರ ಕಂಡ್ರ ಸಾಕು. ನೀರಾಗ ಎಲ್ಲೆಲ್ಲೆ ಏನೇನೈತಿ ನನಗ ಗೊತ್ತೈತಿ. ಆ ಊರಿಗಿ ಬಸ್ಸ ಇಲ್ಲ, ಹೆಂಗ ಹೋಗಲಿ? ನಿನ್ನ ಇಮಾನದಾಗರ ಕರ್ಕೊಂಡ ಹೋಗು."

ಹೊಸ ಕಂಪ್ಯೂಟರ್ ಬಂದ ಸುದ್ದಿ ಮೂಡಲಗಿಗೆ ಮುಟ್ಟಿದ ಕೆಲವೇ ದಿನಗಳಲ್ಲಿ ಅಲ್ಲಿಂದ ಒಂದು ಗಂಟು ಬಂತು. ಬಿಚ್ಚಿ ನೋಡಿದರೆ ಕೌದಿ. ಮಲಗುವವರ ಕೌದಿಯಲ್ಲ, ಕಂಪ್ಯೂಟರಿನ ಪೆಟ್ಟಿಗೆಯ ಕೌದಿ. ಫೋನಿನಲ್ಲಿ ಶಾಂತಾಳಿಂದ ಅಳತೆ ಕೇಳಿಕೊಂಡು ಅಕ್ಕ ತಾನೇ ಹೊಲಿದಿದ್ದಳು. ಗುಂಡಿ ಒತ್ತಲು ಮುಂದೊಂದು ಕಿಂಡಿ, ವೈರು ಹೊರಗೆ ಬರಲು ಹಿಂದೊಂದು ಸೀಳು, ಉಳಿದ ಕಡೆಯೆಲ್ಲ ದಪ್ಪ ಹೊಲಿಗೆ. ಅವ್ವನ ಇಳಕಲ್ ಸೀರೆಯ ತುಂಡು ಅದರಲ್ಲಿತ್ತು, ನನ್ನ ಶಾಲೆಯ ಅಂಗಿಯದೂ ಇತ್ತು.

ಹೊದಿಸುವುದೆಂದರೆ ನಮ್ಮ ಕಡೆಯ ಜನಕ್ಕೆ ಏನೋ ಒಂದು ಸಮಾಧಾನ. ಕಾರ ಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಬಣ್ಣದ ಝೂಲು ಹೊದಿಸುತ್ತೇವೆ. ದೊಡ್ಡವರು ಊರಿಗೆ ಬಂದರೆ, ಬೇಸಿಗೆಯಾದರೂ ಬಿಡದೆ, ಶಾಲು ಹೊದಿಸುತ್ತೇವೆ. ಟಿವಿಗೆ ನೆರಿಗೆಯ ಬಟ್ಟೆ, ಮಿಕ್ಸರಿಗೆ ಹೂವಿನ ಟೊಪ್ಪಿಗೆ, ಫ್ರಿಜ್ಜಿನ ಹಿಡಿಕೆಗೆ ಕೈಚೀಲದಂಥ ಅಂಗಿ, ರಿಮೋಟಿಗೆ ಪ್ಲಾಸ್ಟಿಕ್ಕು. ಕೊಂಡ ವಸ್ತು ಅಂಗಡಿಯಿಂದ ಬರಿ ಮೈಯಲ್ಲಿ ಬರುತ್ತದೆ. ಅದಕ್ಕೆ ಬಟ್ಟೆ ತೊಡಿಸಿದ ಮೇಲೆಯೇ ಅದು ಮನೆಯದಾಗುವುದು. ಅದರಲ್ಲಿಯೂ ಕೌದಿಯೆಂದರೆ ಬರೀ ಬಟ್ಟೆಯಲ್ಲ. ಮನೆಯವರೆಲ್ಲ ಉಟ್ಟು ತೊಟ್ಟು ಮೆದುವಾದದ್ದನ್ನು ಪದರು ಪದರಾಗಿ ಇಟ್ಟು ಹೊಲಿದದ್ದು. ಶಾಂತಾ ಹೊಸ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಕೌದಿ ಹೊದಿಸಿ, ಮೇಲೊಂದು ಹೂವಿಟ್ಟು ಕೈಮುಗಿದಳು. ನನಗೆ ಬಹಳ ಹಿತವೆನಿಸಿತು.

ತೊಂದರೆ ಆಮೇಲೆ ಶುರುವಾಯಿತು. ಸಾಂಬ್ರಾದಿಂದ ವಿಮಾನ ಸುಖವಾಗಿ ಏರುತ್ತಿತ್ತು. ಗುಡ್ಡ ದಾಟಿ, ಹುಕ್ಕೇರಿ ಸೀಮೆ ಬಂತು, ಇನ್ನೇನು ಹಿಡಕಲ್ಲಿನ ನೀರು ಕಾಣಬೇಕು ಎನ್ನುವಷ್ಟರಲ್ಲಿ ಗಾಳಿಯಲ್ಲಿ ಗಪ್ಪನೆ ನಿಂತುಬಿಡುತ್ತಿತ್ತು. ಬೀಳುವುದಿಲ್ಲ, ಮುಂದೆ ಹೋಗುವುದಿಲ್ಲ. ಗುಂಡಿ ಒತ್ತಿದರೆ ಇಲ್ಲ, ಮೌಸೆಂಬ ಇಲಿ ಆಡಿಸಿದರೆ ಇಲ್ಲ. ಎಂಜಿನ್ನಿನ ಸದ್ದು ಮಾತ್ರ ಒಂದೇ ಸ್ವರ ಹಿಡಿದು ಗುಂಯ್ ಎನ್ನುತ್ತಿತ್ತು. ಪೆಟ್ಟಿಗೆಯನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ, ಮೊದಲಿನಿಂದ ಮತ್ತೆ ಸಾಂಬ್ರಾ.

ನನ್ನ ಸ್ವಭಾವವೇನೆಂದರೆ, ಏನಾದರೂ ಕೆಟ್ಟರೆ ಮೊದಲು ಬೇರೆ ಯಾರ ತಪ್ಪು ಎಂದು ಹುಡುಕುವುದು. ಬಸಣ್ಣನಿಗೆ ಫೋನು ಹಚ್ಚಿದೆ.

"ಬಸಣ್ಣಾ, ನಿಮ್ಮ ಹುಕ್ಕೇರಿಯೊಳಗ ಏನೋ ದೋಷ ಐತಿ ನೋಡಪಾ. ಅಲ್ಲಿಗಿ ಬಂದ ಕೂಡ್ಲೆ ಇಮಾನ ನಿಂದರತೈತಿ."

"ಹುಕ್ಕೇರಿಗೇನಾಗೇತಿ? ನಾ ದಿನಾ ಅದರ ಮ್ಯಾಲೇ ಹಾರಾಡಾಕತ್ತೇನಿ. ನಿಮ್ಮ ಗೋಕಾಕದವ್ರ ಗುಣಾನ ಇಷ್ಟು, ಎಲ್ಲಾ ಮಂದೀ ಊರಿನ ಮ್ಯಾಲೆ ಹಾಕೂದು."

ಅವನ ಸಿಟ್ಟು ನ್ಯಾಯವಾದದ್ದೇ. ಪರೀಕ್ಷೆಗೆಂದು ಹುಕ್ಕೇರಿ ಬಿಟ್ಟು ಮೂಡಲಗಿಯ ದಿಕ್ಕಿಗೆ ಹಾರಿಸಿದೆ. ವಿಮಾನ ಅಂಕಲಗಿಯ ಕೆಂಪು ಮಾಡುಗಳ ಮೇಲೆ ನಿಂತಿತು. ಹುಕ್ಕೇರಿ ನಿರ್ದೋಷಿಯೆಂದು ಒಪ್ಪಿಕೊಂಡು ಮತ್ತೆ ಫೋನು ಮಾಡಿದೆ. ಬಸಣ್ಣ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ತನ್ನ ಮಧ್ಯಾಹ್ನಗಳನ್ನೆಲ್ಲ ನನಗೆ ಕೊಟ್ಟು, ಅದನ್ನು ತೆಗಿ, ಇದನ್ನು ಹಾಕು, ಮೋಡ ಕಡಿಮೆ ಮಾಡು, ಗಿಡಮರ ಕಡಿಮೆ ಮಾಡು ಎಂದು ಹೇಳಿಕೊಟ್ಟ. ಅವನ ಮಾತು ಕೇಳಿ ಬೆಳಗಾವಿ ಜಿಲ್ಲೆಯ ಅರ್ಧ ಕಾಡನ್ನು ಕಡಿದುಹಾಕಿದೆ. ಅಂತರ್ಜಾಲದಲ್ಲಿ ನನ್ನ ಗೋಳು ಬರೆದಾಗ, ಹೆಸರು ಕೇಳಿರದ ಊರುಗಳಿಂದ ಮುಖ ನೋಡಿರದ ಜನ ಉತ್ತರ ಬರೆದರು. ಅವರ ಸಲಹೆ ಒಂದೂ ಫಲಿಸಲಿಲ್ಲ, ಆದರೂ ಬರೆದರಲ್ಲ! ಗೋಕಾಕದ ಗುಳಿಗೆ ಅಂಗಡಿಯವನ ವಿಮಾನ ಹಾರಲಿ ಎಂದು ಎಲ್ಲಿಯೋ ಯಾರೋ ಕೂತು ಯೋಚಿಸಿದರು. ನೆನೆದರೆ ಈಗಲೂ ಎದೆ ತುಂಬುತ್ತದೆ.

ಕಂಪ್ಯೂಟರ್ ಮಾರಿದವರ ಅಂಗಡಿಗೂ ಒಯ್ದೆ. ಅಲ್ಲಿ ಇಡೀ ದಿನ ಹಾರಿದರೂ ಅದು ಒಮ್ಮೆಯೂ ನಿಲ್ಲಲಿಲ್ಲ. ಡಾಕ್ಟರ ಎದುರಿಗೆ ಹೋದ ಕೂಡಲೇ ನೋವು ಮಾಯವಾಗುವ ರೋಗಿಗಳನ್ನು ನಾನು ಬಹಳ ಕಂಡಿದ್ದೇನೆ. ಮನೆಗೆ ತಂದೆ, ಶಾಂತಾ ಮರೆಯದೆ ಕೌದಿ ಹೊದಿಸಿದಳು, ವಿಮಾನ ಮರೆಯದೆ ನಿಂತಿತು. ಅತ್ತ ಅಕ್ಕನ ಫೋನು ಬರುತ್ತಲೇ ಇತ್ತು. "ಯಾವಾಗ ಬರ್ಲೋ?" "ಇನ್ನೊಂದೀಟ ದುರುಸ್ತಿ ಐತಿ, ಅಕ್ಕಾ." ಒಂದು ದಿನ ಅವಳು, "ಮುಳುಗಿದ ಊರಿಗಿ ಹೋಗೂದು ಸುಮ್ನ ಅಲ್ಲ ಬಿಡಪಾ" ಎಂದು ಮೆಲ್ಲಗೆ ಫೋನು ಇಟ್ಟಳು. ಅವಳು ಜೀವನದಲ್ಲಿ ನನ್ನನ್ನು ಬೇಡಿದ್ದು ಇದೊಂದನ್ನೇ.

ರೋಗ ತಿಳಿದದ್ದು ಬೆಕ್ಕಿನಿಂದ. ಬಾಜೂ ಮನೆಯ ಬೂದು ಬೆಕ್ಕು, ನಾನು ಹಾರಿಸಲು ಕೂತರೆ ಸಾಕು, ಬಂದು ಕೌದಿಯ ಮೇಲೆ ಸುರುಳಿ ಸುತ್ತಿ ಮಲಗುತ್ತಿತ್ತು. ನನ್ನ ವಿದ್ಯೆಗೆ ಒಬ್ಬ ಅಭಿಮಾನಿಯಾದರೂ ಸಿಕ್ಕನಲ್ಲ ಎಂದು ಹೆಮ್ಮೆಪಡುತ್ತಿದ್ದೆ. ಒಂದು ಮಧ್ಯಾಹ್ನ ಅದನ್ನೆತ್ತಿ ಆಚೆ ಇಡಲು ಹೊಟ್ಟೆಯ ಕೆಳಗೆ ಕೈ ಹಾಕಿದೆ. ಸುಡುತ್ತಿತ್ತು.

"ಶಾಂತಾ, ಬೆಕ್ಕಿಗಿ ಜ್ವರ ಬಂದಾವು ನೋಡ!" ಎಂದು ಕೂಗಿದೆ.

ಅವಳು ಬಂದು ಬೆಕ್ಕನ್ನು ಮುಟ್ಟಿದಳು, ಆಮೇಲೆ ನಾವಿಬ್ಬರೂ ಕೌದಿಯನ್ನು ಮುಟ್ಟಿದೆವು. ರೊಟ್ಟಿ ಬೇಯುವಷ್ಟು ಬಿಸಿ! ಆಡುತ್ತ ಆಡುತ್ತ ಕಾದುಹೋದ ಯಂತ್ರ, ಬಿಸಿಗಾಳಿ ಹೊರಗೆ ಬಿಡಲು ಜಾಗವಿಲ್ಲದೆ, ಅವ್ವನ ಸೀರೆಯೊಳಗೆ ಬೆಂದು ಮೂರ್ಛೆ ಹೋಗುತ್ತಿತ್ತು. ದಿನಾ ಜ್ವರದ ಗುಳಿಗೆ ಮಾರುವ ನಾನು ಒಮ್ಮೆಯೂ ಅದರ ಮೈ ಮುಟ್ಟಿ ನೋಡಿರಲಿಲ್ಲ. ಕೌದಿ ತೆಗೆದೆ. ವಿಮಾನ ಹುಕ್ಕೇರಿ ದಾಟಿತು, ನೀರು ದಾಟಿತು, ಬೇಕೆಂದಲ್ಲಿಗೆ ಹೋಗಿ ಬಂತು. ಬೆಕ್ಕು ಮಾತ್ರ ಆಟದಲ್ಲಿ ಆಸಕ್ತಿ ಕಳೆದುಕೊಂಡು ಎದ್ದು ಹೋಯಿತು.

ಖುಷಿಯಲ್ಲಿ ಅಕ್ಕನಿಗೆ ಆದಿತ್ಯವಾರ ಬಾ ಎಂದುಬಿಟ್ಟೆ. ಅವಳು ಹಿಗ್ಗಿನಿಂದ ಕೇಳಿದಳು:

"ಕೌದಿ ಹೊಚ್ಚೀಯಿಲ್ಲೋ? ಬರಾಬರಿ ಕೂತೈತೇನು?"

"ಹೊಚ್ಚೇನಿ ಅಕ್ಕಾ. ಭಾಳ ಛಂದ ಐತಿ" ಎಂದುಬಿಟ್ಟೆ.

ಅದಾದ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು. ಶಾಂತಾ, "ಖರೆ ಏನೈತಿ ಅದನ್ನ ಹೇಳ್ರಿ, ಅಕ್ಕಾರೇನ ಸಣ್ಣವರಲ್ಲ" ಎಂದಳು. ನಿಜ. ಆದರೆ ಕಣ್ಣು ಮಂಜಾದ ವಯಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಿ, ಅವ್ವನ ಸೀರೆ ಕತ್ತರಿಸಿ ಹೊಲಿದವಳಿಗೆ, ನಿನ್ನ ಕೌದಿಯಿಂದಲೇ ನಿನ್ನ ಪ್ರಯಾಣ ಇಷ್ಟು ದಿನ ತಡವಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೊದಿಸಿದರೆ ವಿಮಾನ ನಿಲ್ಲುತ್ತದೆ, ತೆಗೆದರೆ ಅಕ್ಕನ ಮುಖ ಬಾಡುತ್ತದೆ. ಕೊನೆಗೆ ಮುಖವೇ ದೊಡ್ಡದೆಂದು ಹೊದಿಸಿಯೇಬಿಟ್ಟೆ. ನೀರು ಕಾಣುವತನಕ ಹೋದರೆ ಸಾಕು ದೇವರೇ ಎಂದು, ನಿಜವಾದ ವಿಮಾನದಲ್ಲಿ ಮಾಡಿದಂತೆಯೇ, ಮನೆದೇವರನ್ನು ನೆನೆದೆ.

ಆದಿತ್ಯವಾರ ಅಕ್ಕ ಹೊಸ ಸೀರೆ ಉಟ್ಟುಕೊಂಡು ಬಂದಳು. ಪ್ರಯಾಣಕ್ಕೆ ಬುತ್ತಿ ಬೇರೆ ಕಟ್ಟಿಕೊಂಡಿದ್ದಳು. ಮೊದಲು ಕೌದಿಯನ್ನು ಸವರಿ ನೋಡಿ ತೃಪ್ತಿಪಟ್ಟು, ನನ್ನ ಬಾಜೂ ಕುರ್ಚಿಯಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತಳು. ವಿಮಾನ ಏರಿತು. ಅಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ಗುಡ್ಡ ಬಂತು, ಹೋಯಿತು. ಪೆಟ್ಟಿಗೆಯ ಫ್ಯಾನು ಬಿಕ್ಕುವುದು ಕೇಳುತ್ತಿತ್ತು. ಇನ್ನೊಂದೀಟು, ಇನ್ನೊಂದೀಟು ಎಂದು ಮನಸ್ಸಿನಲ್ಲೇ ಅದರ ಬೆನ್ನು ಚಪ್ಪರಿಸಿದೆ. ನೀರು ಕಂಡಿತು. ಆ ಚಿತ್ರ ತೆಗೆದದ್ದು ಬೇಸಿಗೆಯಲ್ಲಿರಬೇಕು. ನೀರು ಇಳಿದು ದಂಡೆ ಬೋಳಾಗಿತ್ತು. ಅತ್ತ ತಿರುಗಿಸಿದೆ. ದಂಡೆಯ ಮೇಲೆ ಬಂದೆವು, ನೀರಿನ ಮೇಲೆ ಬಂದೆವು. ವಿಮಾನ ಗಪ್ಪನೆ ನಿಂತಿತು.

ಮುಗಿಯಿತು ಎಂದುಕೊಂಡೆ. ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ.

"ನಿಂದರ್ಸಿದೇನೋ?" ಎಂದಳು ಅಕ್ಕ. "ಭಾಳ ಛಲೋ ಮಾಡಿದಿ. ಬುರ್ರಂತ ಹಂಗ ಹೋಗಿಬಿಡತೈತೇನೋ ಅಂತ ಅಂಜಿದ್ದೆ."

ಅವಳು ಮುಂದೆ ಬಾಗಿ ಪರದೆಯ ಮೇಲೆ ಬೆರಳಿಟ್ಟಳು. ದಂಡೆಯಿಂದ ಒಂದು ಹಳೆಯ ದಾರಿ ತೆಳ್ಳಗೆ ಇಳಿದು ನೀರೊಳಗೆ ಹೋಗುತ್ತಿತ್ತು. ನಾನು ಅಷ್ಟು ಸಲ ಹಾರಿದರೂ ಅದನ್ನು ಕಂಡಿರಲಿಲ್ಲ. ಅಕ್ಕನ ಬೆರಳು ಆ ದಾರಿ ಹಿಡಿದು ನೀರೊಳಗೆ ನಡೆಯಿತು. "ಇಲ್ಲೆ ಹುಣಸಿ ಗಿಡ. ಇಲ್ಲೆ ಬಾವಿ, ಸಿಹಿ ನೀರ. ಇಲ್ಲೆ ತಿರುಗಿದ್ರ ನಮ್ಮ ಓಣಿ. ಇದಽ ಕಟ್ಟಿ, ಇದರ ಮ್ಯಾಲೆ ಅವ್ವ ನಿನಗ ನೀರ ಎರೀತಿದ್ಲು, ನೀ ಓಣಿಗೆಲ್ಲಾ ಕೇಳೂ ಹಂಗ ಅಳತಿದ್ದಿ." ಬರೀ ನೀಲಿ ನೀರು. ಅದರಲ್ಲಿ ಅವಳು ಒಂದೊಂದೇ ಮನೆ ತೋರಿಸುತ್ತ ಹೋದಳು, ನಾನು ಮೊದಲ ಸಲ ನನ್ನ ಊರನ್ನು ನೋಡುತ್ತ ಹೋದೆ. ಶಾಂತಾ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ವಿಮಾನ ಅಲುಗಾಡಲಿಲ್ಲ. ಕೆಟ್ಟ ಯಂತ್ರಕ್ಕೆ ನಾನು ಅಷ್ಟು ಋಣಿಯಾದದ್ದು ಹಿಂದೆಂದೂ ಇಲ್ಲ.

ಸಾಕಷ್ಟು ಹೊತ್ತಿನ ಮೇಲೆ ಅಕ್ಕ ನಿಟ್ಟುಸಿರು ಬಿಟ್ಟು, ಮೊಣಕಾಲಿನ ಸಲುವಾಗಿ ಪೆಟ್ಟಿಗೆಯ ಮೇಲೆ ಕೈಯೂರಿ ಎದ್ದಳು. ತಟ್ಟನೆ ಕೈ ತೆಗೆದಳು.

"ಯವ್ವಾ! ಮೈ ಸುಡಾಕತ್ತೈತಲ್ಲೋ! ನನ್ನ ಕೌದಿಲಿಂದ ಏನು?"

ನಾನು ಶಾಂತಾಳ ಕಡೆ ನೋಡಿದೆ. ಶಾಂತಾ ನನ್ನ ಕಡೆ ನೋಡಿದಳು. ಅಕ್ಕ ನಮ್ಮಿಬ್ಬರ ಮುಖ ನೋಡಿದಳು, ಎಲ್ಲ ತಿಳಿದುಕೊಂಡಳು, ಆಮೇಲೆ ಕುರ್ಚಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವತನಕ ನಕ್ಕಳು.

"ಸಣ್ಣಾಂವ ಇದ್ದಾಗ ಸೆಕಿ ಆದ್ರ ನೀ ಕೌದಿ ಒದ್ದ ಒಗೀತಿದ್ದಿ. ಇದಕ್ಕ ಪಾಪ, ಕಾಲಽ ಇಲ್ಲ" ಎನ್ನುತ್ತ ತಾನೇ ಅದನ್ನು ಸುಲಿದು ತೆಗೆದಳು. ಬುತ್ತಿ ಬಿಚ್ಚಿ ಮೂವರೂ ಅಲ್ಲೇ ಕೂತು ಉಂಡೆವು.

ಈಗ ಆ ಕೌದಿ ನನ್ನ ಕುರ್ಚಿಯ ಮೇಲಿದೆ. ಹೊಲಿಗೆ ಬಿಚ್ಚಿ ಅಗಲ ಮಾಡಿ ಅಕ್ಕನೇ ಹಾಸಿ ಹೋದಳು. ಬೆಕ್ಕು ಮರಳಿ ಬಂದು ನನ್ನ ತೊಡೆಯ ಮೇಲೆ ಮಲಗುತ್ತದೆ. ಬಸಣ್ಣನಿಗೆ ಸಂಗತಿ ಹೇಳಿದಾಗ, ಹುಕ್ಕೇರಿಯ ಕ್ಷಮೆ ಕೇಳು ಎಂದ, ಕೇಳಿದೆ. ಕಡಿದಿದ್ದ ಕಾಡನ್ನೆಲ್ಲ ಮತ್ತೆ ಬೆಳೆಸಿದ್ದೇನೆ. ವಿಮಾನ ಈಗ ಎಲ್ಲಿಯೂ ನಿಲ್ಲುವುದಿಲ್ಲ, ನೀರಿನ ಮೇಲೂ ನಿಲ್ಲದೆ ಹೋಗಿಬಿಡುತ್ತದೆ.

ಆದ್ದರಿಂದ ಅಕ್ಕ ಮೂಡಲಗಿಯಿಂದ ಬಂದಾಗಲೆಲ್ಲ ನಾನೇ ನಿಲ್ಲಿಸುತ್ತೇನೆ. ಅದಕ್ಕೊಂದು ಗುಂಡಿ ಮೊದಲಿನಿಂದಲೂ ಇತ್ತಂತೆ, ಮುಂದೆ ಮುಂದೆ ಹೋಗುವ ಗಡಿಬಿಡಿಯಲ್ಲಿ ನಾನೇ ನೋಡಿರಲಿಲ್ಲ. ಆ ತೆಳ್ಳನೆಯ ದಾರಿ ನೀರಿಗಿಳಿಯುವ ಜಾಗ ಬರುತ್ತಲೇ ಅದನ್ನು ಒತ್ತಿ, ಬಸ್ಸಿನ ಕಂಡಕ್ಟರನ ಹಾಗೆ ಹೇಳುತ್ತೇನೆ:

"ಅಕ್ಕಾ, ನಮ್ಮೂರ ಬಂತು."