ಒಂದು ಮಾಲೆಗೆ ಐದು ನಿಮಿಷ

ಅತ್ತೆಗೆ ದಿನಕ್ಕೆರಡು ಸಲ ಬಡಿಯುವ ಸೊಸೆ ಅಂತ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ನನಗೆ ಹೆಸರು ಬಿದ್ದಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷಗಳು. ಗೋಡೆಗೆ ಗೋಡೆ ಅಂಟಿದ ಮನೆಗಳು, ಒಬ್ಬರ ಮನೆಯ ಒಗ್ಗರಣೆ ಚಟಪಟ ಇನ್ನೊಬ್ಬರಿಗೆ ಕೇಳುತ್ತಿತ್ತು. ಪಕ್ಕದ ಮನೆಯ ತಮಿಳಿನಾಕೆ ನಲ್ಲಿ ಹತ್ತಿರ ಸಿಕ್ಕಾಗಲೆಲ್ಲ, "ಏನಕ್ಕಾ, ಇವತ್ತಿಂದು ಆಯ್ತಾ? ನಮ್ಮತ್ತೇನೂ ಕಳಿಸ್ತೀನಿ, ಹಂಗೇ ನಾಕು ಹಾಕಿ ಕಳಿಸ್ಬಿಡಿ" ಅನ್ನುತ್ತಿದ್ದಳು. ಅವಳಿಗೆ ವಿಷಯ ಗೊತ್ತಿತ್ತು. ಗೊತ್ತಿಲ್ಲದವರು ನನ್ನ ಮುಖ ನೋಡಿ ಕೊಡ ಎತ್ತಿಕೊಂಡು ಹೊರಡುತ್ತಿದ್ದರು.

ಅತ್ತೆಗೆ ಇದ್ದದ್ದು ಬ್ರಾಂಕಿಯೆಕ್ಟಾಸಿಸ್. ಚಿಕ್ಕವರಿದ್ದಾಗ ನಾಯಿಕೆಮ್ಮು ಬಂದು ಎದೆ ಕೆಟ್ಟಿತ್ತಂತೆ. ವರ್ಷಗಟ್ಟಲೆ ಎಲ್ಲರೂ ಅದನ್ನು ಬರೀ ಕೆಮ್ಮು ಅಂದುಕೊಂಡು ಕಷಾಯ ಕುಡಿಸಿದ್ದೇ ಆಯಿತು. ಕೊನೆಗೆ ಶಿವಮೊಗ್ಗದಲ್ಲಿ, ವಿನೋಬನಗರದ ಒಬ್ಬ ಡಾಕ್ಟರು ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಮಾಡಿಸಿ ಹೇಳಿದರು. "ಒಳಗಿನ ಕೊಳವೆಗಳು ಹಿಗ್ಗಿ ಸಡಿಲ ಆಗಿವೆ. ಕಫ ತಾನಾಗಿ ಮೇಲೆ ಬರಲ್ಲ. ಅಲ್ಲೇ ನಿಂತು ಕೊಳೆಯುತ್ತೆ. ಮನೆ ಕಸ ಗುಡಿಸಿದ ಹಾಗೆ ದಿನಾ ತೆಗೀಬೇಕು."

"ಎಷ್ಟು ದಿನ ತೆಗೀಬೇಕು ಡಾಕ್ಟ್ರೇ?" ಅಂದೆ.

"ಕಸ ಎಷ್ಟು ದಿನ ಗುಡಿಸ್ತೀರಿ ಅಮ್ಮಾ?" ಅಂದರು.

ತೆಗೆಯುವುದು ಹೇಗೆ ಅಂತ ಕಲಿಸಿದವರು ಅಲ್ಲಿನ ಫಿಸಿಯೋಥೆರಪಿಯ ಮೇಡಂ. ಹೊಟ್ಟೆ ಖಾಲಿ ಇರಬೇಕು. ಸೊಂಟದ ಕೆಳಗೆ ಎರಡು ದಿಂಬು ಕೊಟ್ಟು, ತಲೆ ತಗ್ಗಿಗೆ ಬರುವ ಹಾಗೆ ಮಲಗಿಸಬೇಕು. ಮೊದಲು ಬೋರಲು, ಆಮೇಲೆ ಎಡ ಮಗ್ಗುಲು, ಬಲ ಮಗ್ಗುಲು. ತೀರ್ಥಕ್ಕೆ ಒಡ್ಡಿದ ಹಾಗೆ ಅಂಗೈ ಬಟ್ಟಲು ಮಾಡಿ, ಅದನ್ನೇ ಕವುಚಿ ಪಕ್ಕೆಯ ಮೇಲೆ ತಟ್ಟಬೇಕು. ಚಟ್ ಅಂದರೆ ತಪ್ಪು, ಡಬ್ ಅನ್ನಬೇಕು. ಒಂದೊಂದು ಮಗ್ಗುಲಿಗೆ ಐದು ನಿಮಿಷ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಆಮೇಲೆ ಕೆಮ್ಮಿಸಿ, ಗಾಜಿನ ಲೋಟಕ್ಕೆ ಉಗುಳಿಸಿ, ಎಷ್ಟು ಬಂತು, ಯಾವ ಬಣ್ಣ ಅಂತ ನೋಡಬೇಕು; ಹಸಿರಿದ್ದರೆ ಒಳಗೆ ಸೋಂಕು.

ಲಿಂಗಪೂಜೆ ಆಗದೆ ಅತ್ತೆ ಒಂದು ಗುಟುಕು ನೀರೂ ಮುಟ್ಟುವವರಲ್ಲ. ಹಾಗಾಗಿ ಖಾಲಿ ಹೊಟ್ಟೆಯ ವಿಷಯದಲ್ಲಿ ನನಗೆ ತಲೆಬಿಸಿಯೇ ಇರಲಿಲ್ಲ. ಬೆಳಿಗ್ಗೆ ಸ್ನಾನ, ಆಮೇಲೆ ತಟ್ಟುವುದು, ಬಾಯಿ ಮುಕ್ಕಳಿಸಿ ವಿಭೂತಿ ಹಚ್ಚಿಕೊಂಡು ಪೂಜೆ. ಸಮಯದ್ದೇ ಪ್ರಶ್ನೆ ಬಂದಿದ್ದು. ಗಡಿಯಾರ ಹಜಾರದಲ್ಲಿತ್ತು, ಮಂಚ ಒಳಕೋಣೆಯಲ್ಲಿ.

"ಗಡಿಯಾರ ಯಾಕೆ? ನಾನು ಜಪ ಮಾಡ್ತೀನಿ. ಒಂದು ಮಾಲೆ ಮುಗಿದ್ರೆ ಒಂದು ಮಗ್ಗುಲು" ಅಂದರು ಅತ್ತೆ.

"ಕಫ ಉಗುಳೋ ಬಾಯಲ್ಲಿ ಶಿವನ ಹೆಸರಾ ಅತ್ತೆ?"

"ಉಸಿರು ಕೊಟ್ಟೋನಿಗೆ ಕಫ ಗೊತ್ತಿಲ್ವೇನೇ? ಸುಮ್ನೆ ತಟ್ಟು ಮಾರಾಯ್ತಿ."

ಮೊದಲ ದಿನ ನಮ್ಮ ಮನೆಯವರು ಪಕ್ಕದಲ್ಲಿ ವಾಚು ಹಿಡಿದು ನಿಂತರು. ಓಂ ನಮಃ ಶಿವಾಯ, ನೂರೆಂಟು ಮಣಿ, ಸರಿಯಾಗಿ ಐದು ನಿಮಿಷ. ದೇವರೇ ಅಳತೆ ಹಾಕಿಕೊಟ್ಟ ಅಂದುಕೊಂಡೆ. ಆಮೇಲೆ ಯಾರೂ ಮತ್ತೆ ವಾಚು ನೋಡಲಿಲ್ಲ.

ದಿನಾ ದೀಪ ಹಚ್ಚುವಾಗ ಆವತ್ತಿನ ಒಳ್ಳೆಯದನ್ನು ಶಿವನ ಮುಂದೆ ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು. ಅತ್ತೆ ಎರಡು ರೊಟ್ಟಿ ತಿಂದರು. ಲೋಟದಲ್ಲಿ ಹಸಿರು ಇರಲಿಲ್ಲ. ಏಳೆಂಟು ತಿಂಗಳಾದ ಮೇಲೆ ಇನ್ನೊಂದು ಸೇರಿತು: ಕಫ ಕಮ್ಮಿಯಾಗುತ್ತಿದೆ. ಅರ್ಧ ಲೋಟ ಇದ್ದದ್ದು ಎರಡು ಬೆರಳಿಗೆ ಇಳಿಯಿತು, ಆಮೇಲೆ ಒಂದು ಚಮಚ. ಸೋಮವಾರ ಈಶ್ವರನ ಗುಡಿಗೆ ಹೋಗಿ ಬಿಲ್ವಪತ್ರೆ ಏರಿಸಿ ಬಂದೆ.

ಕೆಲಸವೂ ಬೇಗ ಮುಗಿಯುತ್ತಿತ್ತು. ಇವರು ಫಸ್ಟ್ ಶಿಫ್ಟಿಗೆ ಹೊರಡುವ ಹೊತ್ತಿಗೆ ಒಲೆ ಮೇಲೆ ಹಾಲು ಉಕ್ಕುವುದೂ, ಒಳಗೆ ಅತ್ತೆ "ಆಯ್ತು, ತಿರುಗಿಸು" ಅನ್ನುವುದೂ ಒಂದೇ ಸಲ ಆಗುತ್ತಿದ್ದದ್ದು ತಪ್ಪಿತು. ಹಾಲು ಕಾಯುವುದಕ್ಕೆ ಮೊದಲೇ ಮೂರು ಮಗ್ಗುಲೂ ಆಗಿಹೋಗುತ್ತಿದ್ದವು. ನನಗದು ಗೊತ್ತಾಗುತ್ತಿತ್ತು. ಯಾಕೆ ಅಂತ ಕೇಳಲಿಲ್ಲ.

ಆ ಸಲ ಚಳಿ ಶುರುವಾದಾಗ ಅತ್ತೆಯ ಮಾತು ಕಮ್ಮಿಯಾಯಿತು. ನನ್ನ ಸಾರಿಗೆ ಉಪ್ಪು ಹೆಚ್ಚು ಅಂತ ಆಡಿಕೊಳ್ಳದ ದಿನವೇ ಇರದಿದ್ದ ಹೆಂಗಸು ತಟ್ಟೆ ಮುಂದೆ ಸುಮ್ಮನೆ ಕೂರುತ್ತಿದ್ದರು. ಮಧ್ಯಾಹ್ನ ಮೈ ಬೆಚ್ಚಗಾಗಿ, ಸಂಜೆ ಬೆವರುತ್ತಿತ್ತು. ಒಂದು ಬೆಳಿಗ್ಗೆ ತಟ್ಟಿ ಮುಗಿಸಿ ಕೆಮ್ಮಿಸಿದೆ. ಲೋಟ ನೋಡಿದರೆ ಕೆಂಪು.

ನನ್ನ ಕೈ ತಾನಾಗಿ ಮತ್ತೆ ಬೆನ್ನ ಮೇಲೆ ಹೋಯಿತು, ಇನ್ನೂ ತಟ್ಟಿದರೆ ಎಲ್ಲ ಹೊರಗೆ ಬಂದೀತು ಅಂತ. ಅಷ್ಟರಲ್ಲಿ ಮೇಡಂ ಹೇಳಿದ್ದು ನೆನಪಾಯಿತು: ರಕ್ತ ಕಂಡರೆ ಕೈ ತೆಗೆದು, ತಲೆ ಮೇಲಕ್ಕೆ ಮಾಡಿ ಕೂರಿಸಿ ನಮ್ಮ ಹತ್ತಿರ ಬನ್ನಿ. ಇವರು ಕಾರ್ಖಾನೆಯಲ್ಲಿದ್ದರು. ಪಕ್ಕದ ಮನೆಯಾಕೆ ಓಡಿಹೋಗಿ ಆಟೋ ತಂದಳು, ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು. ಆವತ್ತು ಅವಳ ಬಾಯಲ್ಲಿ ತಮಾಷೆ ಬರಲಿಲ್ಲ.

ಶಿವಮೊಗ್ಗದ ದಾರಿಯಲ್ಲಿ ಮಾಚೇನಹಳ್ಳಿ ಹತ್ತಿರ ಬಸ್ಸು ನಿಂತು ಕೆಲಸದವರು ಇಳಿಯುತ್ತಿದ್ದರು. ಅತ್ತೆ ಕೆಮ್ಮಿ ಟವೆಲ್ ಬಾಯಿಗೆ ಹಿಡಿದರು. ಪಕ್ಕದಲ್ಲಿದ್ದ ಗಂಡಸು ಕಲೆ ನೋಡಿ ಎದ್ದೇ ಬಿಟ್ಟ. "ಟಿ.ಬಿ.ನೇನ್ರೀ?"

"ಅಲ್ಲ ಕಣಪ್ಪಾ, ಕೂತ್ಕೋ. ನಿನ್ಗೆ ಅಂಟಲ್ಲ" ಅಂದರು ಅತ್ತೆ. ಅವನು ಕೂರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ಸೀಟು ಅಗಲ ಆಯ್ತು, ಕಾಲು ಚಾಚು" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಅವರ ಕೈ ಹಿಡಿದುಕೊಂಡೆ. ಕೈ ಸುಡುತ್ತಿತ್ತು.

ಅಡ್ಮಿಟ್ ಮಾಡಿಕೊಂಡರು. ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಎಡಗಡೆಯ ತಳ ತೋರಿಸಿದರು. ಕಫ ತುಂಬಿ ಬೆಳ್ಳಗಾಗಿತ್ತು. "ಇಂಜೆಕ್ಷನ್ ಕೊಡ್ತೀವಿ. ರಕ್ತ ನಿಂತ ಮೇಲೆ ತಟ್ಟಿ ತೆಗೀಬೇಕು. ಹತ್ತು ದಿನ ನೋಡೋಣ. ಖಾಲಿ ಆಗದಿದ್ರೆ ಆ ಭಾಗ ಆಪರೇಷನ್ ಮಾಡಿ ತೆಗೆಯೋ ಮಾತು ಬರುತ್ತೆ." ಆಮೇಲೆ, ಅಷ್ಟರಲ್ಲಿ ಕಾರ್ಖಾನೆಯಿಂದ ಬಂದಿದ್ದ ಇವರನ್ನೂ ನನ್ನನ್ನೂ ಹೊರಗೆ ಕರೆದು, ಈ ವಯಸ್ಸಿಗೆ, ಈ ಉಸಿರಿಗೆ ಆಪರೇಷನ್ ತಡೆಯುವುದು ಕಷ್ಟ ಅಂದರು.

"ದಿನಾ ಎರಡು ಸಲ ಮಾಡಿದೀನಿ ಡಾಕ್ಟ್ರೇ, ಒಂದು ದಿನ ತಪ್ಪಿಸಿಲ್ಲ" ಅಂದೆ. ಅದು ನಿಜವೇ ಆಗಿತ್ತು.

ಮೂರನೇ ದಿನ ರಕ್ತ ನಿಂತಿತು. ಒಂದು ದಿನ ಬಿಟ್ಟು ಮೇಡಂ ಬಂದರು. "ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ, ನಾನು ನೋಡ್ತೀನಿ." ನಾನು ದಿಂಬು ಕೊಟ್ಟೆ, ಅತ್ತೆ ಬೋರಲು ಮಲಗಿ ಜಪಮಾಲೆ ಕೈಗೆ ತೆಗೆದುಕೊಂಡರು. ತಟ್ಟಿದೆ. ಅತ್ತೆ, "ಆಯ್ತು, ತಿರುಗಿಸು" ಅಂದರು.

"ಏನಾಯ್ತು?" ಅಂದರು ಮೇಡಂ.

"ಐದು ನಿಮಿಷ. ಒಂದು ಮಾಲೆ ಆಯ್ತು."

ಮೇಡಂ ತಮ್ಮ ಮಣಿಕಟ್ಟು ನೋಡಿಕೊಂಡು ನಿಧಾನವಾಗಿ ಹೇಳಿದರು. "ಅಜ್ಜಿ, ಇನ್ನೂ ಎರಡು ನಿಮಿಷ ಆಗಿಲ್ಲ."

ಅತ್ತೆ ತಲೆ ಎತ್ತಿದರು. "ನಾನು ಒಂದು ಹೆಸರೂ ಬಿಟ್ಟಿಲ್ಲ ತಾಯಿ."

ಬಿಟ್ಟಿರಲಿಲ್ಲ. ಅವರು ಜಪದಲ್ಲಿ ಸುಳ್ಳು ಎಣಿಸುವ ಜೀವವಲ್ಲ. ತಲೆ ಕೆಳಗಾಗಿ ಮಲಗಿದವರಿಗೆ ದಿನಾ ಅದೇ ನಾಮ, ನಾಲಿಗೆ ಓಡುವುದನ್ನು ಕಲಿತಿತ್ತು, ಬೆರಳು ಅದರ ಹಿಂದೆ ಓಡಿತ್ತು, ನನ್ನ ಕೈ ಬೆರಳಿನ ಹಿಂದೆ. ಲೋಟದಲ್ಲಿ ಕಫ ಕಮ್ಮಿಯಾಗಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅದು ಹೊರಗೆ ಬರದೆ ಒಳಗೇ ಉಳಿದಿತ್ತು. ನಾನು ಅದಕ್ಕೆ ಬಿಲ್ವಪತ್ರೆ ಏರಿಸಿ ಬಂದಿದ್ದೆ.

ಮೇಡಂ ಹೋದ ಮೇಲೆ ಬಾಯಿ ಬಿಟ್ಟು ಹೇಳಿದೆ. "ಅತ್ತೆ, ಬೇಗ ಮುಗೀತಿದೆ ಅಂತ ನನಗೆ ಗೊತ್ತಿತ್ತು. ಅಡುಗೆಗೆ ಹೊತ್ತು ಸಿಗುತ್ತೆ ಅಂತ ಸುಮ್ಮನಿದ್ದೆ."

ಅವರು ಗೋಡೆ ಕಡೆ ತಿರುಗಿ ಮಲಗಿದರು. ಸಂಜೆ ಇವರು ಗಂಜಿ ತಂದಾಗ ಎದ್ದು ಕೂತು ಹೇಳಿದರು, "ತಟ್ಟೋಳಿಗೂ ಅವಸರ, ತಟ್ಟಿಸ್ಕೊಳ್ಳೋಳಿಗೂ ಅವಸರ. ಮಧ್ಯ ಶಿವನ್ನ ನಿಲ್ಲಿಸಿದ್ವಿ ನೋಡು." ಇಷ್ಟೇ. ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನದಿಂದ ವಾಚು ನೋಡಿಕೊಂಡು ತಟ್ಟಿದೆ. ಐದು ನಿಮಿಷ ಇಷ್ಟು ಉದ್ದ ಅಂತ ನಾನು ಮರೆತೇ ಹೋಗಿದ್ದೆ. ಮೂರನೇ ನಿಮಿಷಕ್ಕೆ ಮಣಿಕಟ್ಟು ಉರಿಯುತ್ತಿತ್ತು. ಅತ್ತೆಯ ಮುಖಕ್ಕೆ ರಕ್ತ ಇಳಿದು ಕೆಂಪಾಗುತ್ತಿತ್ತು. ಆರನೇ ದಿನ, ಒಂದು ಚಮಚ. ಏಳನೇ ದಿನ, ಅಷ್ಟೂ ಇಲ್ಲ. ಇವರು ಆಪರೇಷನ್ನಿಗೆ ಯಾವ ಊರಿಗೆ ಹೋಗಬೇಕು, ಯಾರು ಜೊತೆಗಿರಬೇಕು ಅಂತ ವಿಚಾರಿಸಲು ಶುರು ಮಾಡಿದ್ದರು. ನಾನು ಒಳ್ಳೆಯದನ್ನು ಎಣಿಸುವುದು ನಿಲ್ಲಿಸಿದ್ದೆ. ಎಣಿಸಲು ಹೆದರಿಕೆ, ಮತ್ತೆ ಯಾವುದನ್ನು ತಪ್ಪಾಗಿ ತಿಳಿದುಕೊಳ್ಳುತ್ತೀನೋ ಅಂತ.

ಎಂಟನೇ ದಿನ ಬೆಳಿಗ್ಗೆ ಬಲ ಮಗ್ಗುಲಾಗಿ ಮಲಗಿಸಿ ಎಡ ಪಕ್ಕೆಗೆ ತಟ್ಟುತ್ತಿದ್ದೆ. ನಾಲ್ಕು ನಿಮಿಷ ದಾಟಿತ್ತು. ಒಳಗೆ ಏನೋ ಗೊರಗೊರ ಅಂದಿದ್ದು ಅಂಗೈಗೇ ತಾಗಿತು. ಅತ್ತೆ ಕೈ ಎತ್ತಿ ಕೂರಿಸು ಅಂತ ಸನ್ನೆ ಮಾಡಿದರು. "ಇನ್ನೊಂದು ಚೂರು ಅತ್ತೆ" ಅಂದು ಬಿಡದೆ ಐದು ಮುಗಿಸಿದೆ. ಆಮೇಲೆ ಕೂರಿಸಿ ಕೆಮ್ಮಿಸಿದರೆ ಮೊದಲು ಉಸಿರೇ ಸಿಕ್ಕಿಕೊಂಡ ಹಾಗಾಯಿತು. ತುಟಿ ಕಪ್ಪಿಟ್ಟಿತು. ನಾನು ಸಿಸ್ಟರ್ ಅಂತ ಕೂಗಿದೆ. ಅಷ್ಟರಲ್ಲಿ ದಪ್ಪನೆಯ ಹಸಿರು ಗಟ್ಟಿ ಬಂತು, ಅದರ ಹಿಂದೆ ಇನ್ನೊಂದು. ಲೋಟ ಮುಕ್ಕಾಲು ತುಂಬಿತು. ವಾಸನೆ ತಡೆಯಲಾಗದೆ ಪಕ್ಕದ ಮಂಚದವರು ಮೂಗು ಮುಚ್ಚಿಕೊಂಡರು. ನಾನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನರ್ಸ್ ಬರುವವರೆಗೂ ನಿಂತಿದ್ದೆ.

ಹತ್ತನೇ ದಿನದ ಎಕ್ಸ್‌ರೇ ನೋಡಿ ಡಾಕ್ಟರು, "ಆಪರೇಷನ್ ಸದ್ಯ ಬೇಡ" ಅಂದರು. ಎಡಗಡೆ ಪೂರ್ತಿ ಸರಿಹೋಗಿಲ್ಲ, ಹೋಗುವುದೂ ಇಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬೇಕು ಅಂತಲೂ ಹೇಳಿದರು. ಆಮೇಲೆ ನನ್ನ ಊದಿದ ಮಣಿಕಟ್ಟು ನೋಡಿ, "ನೀವು ಮಲಗಿದ್ರೆ ಯಾರು ತಟ್ತಾರೆ?" ಅಂದರು.

ಈ ಪ್ರಶ್ನೆಯನ್ನು ಅಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗಂಡುಮಗ ತಾಯಿಯ ಬೆನ್ನಿಗೆ ಬಡಿಯುವುದೇ ಅಂತ ಅತ್ತೆಗೂ ಮುಜುಗರ, ಇವರಿಗೂ ಮುಜುಗರ. ಆವತ್ತು ಸಂಜೆ ಮನೆಗೆ ಬಂದ ಮೇಲೆ ನಾನೇ ಇವರ ಅಂಗೈ ಹಿಡಿದು ಬಟ್ಟಲು ಮಾಡಿಸಿದೆ. ಇವರು ಮಗುವನ್ನು ಮಲಗಿಸುವವರ ಹಾಗೆ ಮೆಲ್ಲಗೆ ತಟ್ಟಿದರು.

"ಏನೋ, ಜೋಗುಳ ಹಾಡ್ತಿದೀಯೇನೋ? ಜೋರಾಗಿ ತಟ್ಟೋ!" ಅಂದರು ಅತ್ತೆ, ದಿಂಬಿನೊಳಗಿಂದ.

"ನೋವಾಗುತ್ತೆ ಅಮ್ಮಾ."

"ನಿನ್ನ ಹೆಂಡ್ತೀನ ಕೇಳು, ಎಷ್ಟು ನೋವಾದ್ರೆ ಸರಿ ಅಂತ."

ಇವರು ನನ್ನ ಕಡೆ ನೋಡಿದರು. ಇನ್ನೂ ಗಟ್ಟಿಯಾಗಿ ಅಂತ ಸನ್ನೆ ಮಾಡಿ ಅಡುಗೆಮನೆಗೆ ಹೋದೆ. ಅಕ್ಕಿ ತೊಳೆಯುತ್ತಾ ಕಿವಿಗೊಟ್ಟೆ. ಮೊದಲು ಚಟ್ ಚಟ್ ಅಂತಿತ್ತು. ಹೋಗಿ ತಿದ್ದಬೇಕು ಅನ್ನುವಷ್ಟರಲ್ಲಿ ಡಬ್ ಡಬ್ ಅನ್ನತೊಡಗಿತು. ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ಮಣೆಯ ಮೇಲೆ ಕೂತೆ.